ಶುಭ್ರಕೀಟ

"ಆರು ವರ್ಷ ಧಾರವಾಡದಾಗ ಕುಂತು ಹುಳದ ರಕ್ತ ಯಾಕ ಕರ್ರಗಾಗ್ತದ ಅಂತ ನೋಡ್ಯಾಳ್ರಿ ನಮ್ಮಾಕಿ. ಕರ್ರಗಾಗ್ತದ. ಮುಗೀತಲ್ಲ?"

ಶಹಾಪುರದ ತನ್ನ ಬೀಜ-ಔಷಧದ ಅಂಗಡಿಗೆ ಬಂದವರಿಗೆಲ್ಲ ವಿಶ್ವರಾಧ್ಯ ಹೆಂಡತಿಯನ್ನು ಪರಿಚಯ ಮಾಡಿಸುತ್ತಿದ್ದದ್ದು ಹೀಗೆ. ಬಂದವರು ನಗುತ್ತಿದ್ದರು. ಸಾವ್ಕಾರರು ನಕ್ಕಾಗ ನಗದಿದ್ದರೆ ಒಳ್ಳೆಯ ಬೀಜ ಸಿಗುವುದಿಲ್ಲವಲ್ಲ.

ದಾನೇಶ್ವರಿ ಉತ್ತರ ಕೊಡುತ್ತಿರಲಿಲ್ಲ. ಎದುರಿಗಿದ್ದವನಿಗೆ ಉತ್ತರ ತಿಳಿಯುವಷ್ಟಾದರೂ ಬುದ್ಧಿ ಇರಬೇಕು, ಇಲ್ಲದಿದ್ದರೆ ಬಾಯಿ ನೋಯಿಸಿಕೊಳ್ಳುವುದೇಕೆ ಎಂಬುದು ಅವಳ ನಿಲುವು. ಅವಳು ಸುರಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಿದ್ದಳು. ಬಂದು ಅಂಗಡಿಯ ಮುಂದಿನಿಂದ ನಡೆದು ಹೋಗುವಾಗ ಗಲ್ಲೆಯ ಹಿಂದೆ ಕುಳಿತ ಗಂಡನನ್ನು, ಕಪಾಟಿನಲ್ಲಿಟ್ಟ ಡಬ್ಬಿಗಳನ್ನು ನೋಡಿದಷ್ಟೇ ಆಸಕ್ತಿಯಿಂದ ನೋಡುತ್ತಿದ್ದಳು.

ಅವಳು ಆರು ವರ್ಷ ಓದಿದ್ದು ರೇಷ್ಮೆ ಹುಳುವಿನ ರಕ್ತದಲ್ಲಿರುವ ಒಂದು ಕಿಣ್ವವನ್ನು. ಫಿನಾಲ್ ಆಕ್ಸಿಡೇಸ್ ಅದರ ಹೆಸರು. ಹುಳುವಿಗೆ ಮುಳ್ಳು ಚುಚ್ಚಲಿ, ರೋಗದ ಕಣ ಒಳಹೊಗಲಿ, ಅಲ್ಲಿಯವರೆಗೆ ಮಲಗಿದ್ದ ಆ ಕಿಣ್ವ ಎಚ್ಚೆತ್ತು ಗಾಯದ ಸುತ್ತ ಕಪ್ಪು ಬಣ್ಣ ಕಟ್ಟುತ್ತದೆ. ಆ ಕಪ್ಪು ಗಟ್ಟಿಯಾಗಿ ಗಾಯ ಮುಚ್ಚುತ್ತದೆ, ಒಳಬಂದ ವೈರಿಯನ್ನು ಸುತ್ತುವರಿದು ಉಸಿರುಗಟ್ಟಿಸುತ್ತದೆ. ನಮ್ಮಲ್ಲಿ ಇರುವಷ್ಟು ಬಗೆಯ ರಕ್ಷಣೆ ಹುಳುವಿಗಿಲ್ಲ. ಅದಕ್ಕಿರುವ ದೊಡ್ಡ ಆಸರೆಗಳಲ್ಲಿ ಈ ಕಪ್ಪೂ ಒಂದು. ಆ ಕಿಣ್ವ ಎಷ್ಟು ಬಿಸಿ ತಾಳುತ್ತದೆ, ಎಷ್ಟು ಹುಳಿ ತಾಳುತ್ತದೆ, ಯಾವ ರಾಸಾಯನಿಕ ಹಾಕಿದರೆ ಸೋತು ಸುಮ್ಮನಾಗುತ್ತದೆ ಎಂದು ದಾನೇಶ್ವರಿ ಮಂಜುಗಡ್ಡೆಯ ಡಬ್ಬಿಯ ಮೇಲೆ ಬಗ್ಗಿ ನೋಡಿದ್ದಳು. ಆ ವರ್ಷಗಳು ಅವಳ ಬದುಕಿನ ಒಳ್ಳೆಯ ವರ್ಷಗಳು. ಆಮೇಲೆ ಮದುವೆಯಾಯಿತು.

ಅತ್ತೆ ಬಸ್ಸಮ್ಮ ಕೆಟ್ಟ ಹೆಂಗಸಲ್ಲ. ಆದರೆ ಸೊಸೆಯ ಬಣ್ಣ ಆಕೆಗೆ ಒಂದು ಕೊರಗು. "ಫೋಟೋದಾಗ ಇಷ್ಟ ಕರ್ರಗ ಕಂಡಿದ್ದಿಲ್ಲ ಬಿಡು" ಎಂದು ಬಂದ ನೆಂಟರ ಮುಂದೆಯೇ ಅನ್ನುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಸೊಸೆಯ ತಾಟಿನ ಪಕ್ಕಕ್ಕೆ ಒಂದು ಕ್ರೀಮಿನ ಟ್ಯೂಬ್ ತಂದಿಟ್ಟಳು.

"ಹಚ್ಕೋ. ಕಲಬುರಗಿದಾಗ ಎಲ್ಲಾರೂ ಇದನ್ನ ಹಚ್ತಾರಂತ."

ದಾನೇಶ್ವರಿ ಟ್ಯೂಬನ್ನು ತಿರುವಿ ಸಣ್ಣ ಅಕ್ಷರಗಳನ್ನು ಓದಿದಳು. ಓದಿ ನಕ್ಕಳು.

"ಕೋಜಿಕ್ ಆಸಿಡ್. ಅತ್ತಿ, ಇದನ್ನ ನಾ ನನ್ನ ಹುಳದ ರಕ್ತಕ್ಕ ಹಾಕ್ತಿದ್ದೆ. ಆ ಕಿಣ್ವದೊಳಗ ತಾಮ್ರ ಇರ್ತದ. ಇದು ಹೋಗಿ ಆ ತಾಮ್ರಾನ ಹಿಡ್ಕೊಂಡು ಕುಂದರ್ತದ. ಕಿಣ್ವ ಕೆಲಸ ಮಾಡೂದ ಬಿಡ್ತದ. ರಕ್ತ ಕರ್ರಗಾಗೂದ ಇಲ್ಲ."

ರೊಟ್ಟಿ ಮುರಿಯುತ್ತಿದ್ದ ವಿಶ್ವರಾಧ್ಯ ತಲೆ ಎತ್ತಿದ. ಮದುವೆಯಾದಂದಿನಿಂದ ಹೆಂಡತಿಯ ವಿದ್ಯೆಯ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಕರ್ರಗಾಗಂಗಿಲ್ಲ ಅಂದ್ರ? ಹುಳ ಬೆಳ್ಳಗ ಇರ್ತದ?"

"ಬೆಳ್ಳಗ ಇರ್ತದ" ಎಂದಳು ದಾನೇಶ್ವರಿ. ಆದರೆ ಗಾಯ ಮುಚ್ಚುವುದಿಲ್ಲ, ಹುಳು ಉಳಿಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಗಂಡನ ಮುಖ ನೋಡಿದಳು. ಮೀಸೆಗೆ ಪುಂಡಿಪಲ್ಯ ಹತ್ತಿತ್ತು. ಇವನಿಗೆ ಪೂರ್ತಿ ಹೇಳಿ ಏನಾಗಬೇಕು ಎನ್ನಿಸಿ ಎದ್ದು ಕೈತೊಳೆಯಲು ಹೋದಳು.

ಮುಂದಿನ ಹಂಗಾಮಿಗೆ ಅಂಗಡಿಯಲ್ಲಿ ಹೊಸ ಬಾಟಲಿ ಬಂತು. ಹೆಸರು 'ಶುಭ್ರಕೀಟ ಟಾನಿಕ್'. ಬಾಟಲಿಯ ಮೇಲೆ ಹಾಲಿನಲ್ಲಿ ಅದ್ದಿ ತೆಗೆದಂತಿದ್ದ ಒಂದು ರೇಷ್ಮೆ ಹುಳು ಮನುಷ್ಯರಂತೆ ನಗುತ್ತಿತ್ತು. 'ಕಪ್ಪು ಚುಕ್ಕಿಗೆ ವಿದಾಯ' ಎಂದು ಕೆಳಗೆ ಬರೆದಿತ್ತು.

ಕಾಲುವೆ ನೀರು ಬಂದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ಹಚ್ಚಿ ರೇಷ್ಮೆ ಸಾಕುವವರು ಅಲ್ಲಲ್ಲಿ ಹುಟ್ಟಿಕೊಂಡಿದ್ದರು. ಅವರೆಲ್ಲರ ವೈರಿ ಊಜಿ ನೊಣ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಮೈ ಕೊರೆದು ಒಳಹೊಕ್ಕು ಹುಳುವನ್ನು ಜೀವಂತ ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕಿ ಬೀಳುತ್ತದೆ. ಸಾಕುವವರು ಆ ಚುಕ್ಕಿ ನೋಡಿ ಅಂಥ ಹುಳುಗಳನ್ನು ಆರಿಸಿ ತೆಗೆದು ಸುಟ್ಟು ಉಳಿದವನ್ನು ಕಾಪಾಡಿಕೊಳ್ಳುತ್ತಾರೆ. ಚುಕ್ಕಿ ಎಂದರೆ ಅವರಿಗೆ ರೋಗ. ಚುಕ್ಕಿ ಹೋದರೆ ರೋಗ ಹೋಯಿತು. ವಿಶ್ವರಾಧ್ಯನ ತಲೆಯಲ್ಲೂ ಇದ್ದದ್ದು ಇಷ್ಟೇ. ಅವನು ಮೋಸಗಾರನೂ ಅಲ್ಲ. ಮೋಸ ಮಾಡಲು ಬೇಕಾದಷ್ಟು ತಿಳಿವಳಿಕೆ ಅವನಿಗಿರಲಿಲ್ಲ.

ದಾನೇಶ್ವರಿ ಬಾಟಲಿಯನ್ನು ಕಪಾಟಿನಲ್ಲಿ ನೋಡಿದ್ದಳು. ಬೆಲ್ಲದ ನೀರಿಗೆ ಬಣ್ಣ ಬೆರೆಸಿ ಮಾರುತ್ತಿದ್ದಾನೆ ಎಂದುಕೊಂಡಳು. ಏನು ಹಾಕಿದ್ದೀರಿ ಎಂದು ಕೇಳುವುದೂ ಅವಳಿಗೆ ಅವಮಾನ ಅನ್ನಿಸಿತು.

ಒಂದು ಭಾನುವಾರ ವಿಶ್ವರಾಧ್ಯ ಪೋಸ್ಟರ್ ಅಚ್ಚು ಹಾಕಿಸಲು ಯಾದಗಿರಿಗೆ ಹೋಗಿದ್ದ. ದಾನೇಶ್ವರಿ ಅಂಗಡಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಹತ್ತಿರದ ಗೋಗಿ ಹಳ್ಳಿಯ ಮೌನೇಶ ಒಂದು ಚೀಲ ಹೊತ್ತು ಬಂದ. ಅವನು ಕುರುಬರವನು, ಕುರಿಗಳನ್ನು ಅಣ್ಣನಿಗೆ ಬಿಟ್ಟು ಎರಡು ವರ್ಷದಿಂದ ರೇಷ್ಮೆ ಮಾಡುತ್ತಿದ್ದ. ಮಾತಿನಲ್ಲಿ ಜೋರು.

"ಸಾವ್ಕಾರ್ರು ಇಲ್ಲೇನ್ರಿ ಅಕ್ಕಾರ? ಅವರ ಔಷಧ ಅಂದ್ರ ಔಷಧ ನೋಡ್ರಿ! ಸಾವಿರಾರು ಹುಳದಾಗ ಒಂದರ ಮ್ಯಾಲೂ ಚುಕ್ಕಿ ಇಲ್ಲ. ಬೆಣ್ಣಿ ಇದ್ದಂಗ ಇದ್ದುವು."

"ಒಳ್ಳೇದಾತಲ್ಲ" ಎಂದಳು ದಾನೇಶ್ವರಿ, ಪುಸ್ತಕದಿಂದ ಕಣ್ಣು ಕೀಳದೆ.

"ಆದ್ರ ಗೂಡಿಗೆ ತೂತು ಬೀಳಾಕತ್ಯಾವರಿ. ಮೇವು ಬಿಟ್ಟು ಹಣ್ಣಾದ ಹುಳದಾಗ ಅರ್ಧ ಗೂಡ ಕಟ್ಟಲಿಲ್ಲ, ಬಿದ್ದು ಸತ್ತುವು. ಕಟ್ಟಿದ ಗೂಡಿಗೆಲ್ಲ ತೂತು. ತೂತಿಗೆ ಯಾವುದಾರ ಟಾನಿಕ್ ಅದ ಏನ್ರಿ?"

ಅವನು ಚೀಲ ತೆರೆದು ಒಂದು ಹಿಡಿ ಗೂಡು ಗಲ್ಲೆಯ ಮೇಲೆ ಸುರಿದ. ಪ್ರತಿ ಗೂಡಿನ ತುದಿಯಲ್ಲೂ ದಬ್ಬಣದಿಂದ ಚುಚ್ಚಿದಂತೆ ಒಂದು ತೂತು. ಒಂದು ಗೂಡಿನಿಂದ ಬಿಳಿಯ ದಪ್ಪ ಮರಿಹುಳು ಹೊರಬಿದ್ದು ಗಲ್ಲೆಯ ಮೇಲೆ ಹೊರಳಿತು. ಊಜಿ ಮರಿ.

ದಾನೇಶ್ವರಿ ಪುಸ್ತಕ ಕೆಳಗಿಟ್ಟಳು.

"ಇಷ್ಟು ಊಜಿ ಬಿದ್ದಾವ, ಚುಕ್ಕಿ ಬೀಳಲಿಲ್ಲ?"

"ಒಂದೂ ಇಲ್ರಿ. ಅದಕ್ಕ ಒಂದು ಹುಳಾನೂ ತಗದು ಒಗೀಲಿಲ್ಲ."

ಅವಳು ಎದ್ದು ಹಿಂದಿನ ಗೋದಾಮಿಗೆ ಹೋದಳು. ಅಲ್ಲಿ ಲಾಡ್ಲೇಸಾಬ ಬಾಟಲಿ ತುಂಬುತ್ತಿದ್ದ. ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಇದ್ದ ಮುದುಕ, ಹೇಳಿದ್ದನ್ನು ಮಾಡುವವನು.

"ಇದರಾಗ ಏನು ಹಾಕ್ತೀರಿ ಚಾಚಾ?"

"ಹೈದರಾಬಾದಿನ ಪೌಡರ್ ಅಮ್ಮಾ. ಮುಖಕ್ಕ ಹಚ್ಚೂ ಮಾಲ್ ಮಾಡೋರ ಕಡಿಂದ ಬರ್ತದ. ಸಾಬ್ ಹೇಳಿದ್ರು, ನಮ್ಮ ಮನಿಯಾಕಿದೇ ಫಾರ್ಮುಲಾ ಅಂತ."

ಮೂಲೆಯ ಚೀಲದ ಮೇಲೆ ಆ ಹೆಸರಿತ್ತು. ಊಟದ ತಾಟಿನ ಮುಂದೆ ತಾನೇ ಓದಿ ಹೇಳಿದ ಹೆಸರು. ದಾನೇಶ್ವರಿಗೆ ಮೊದಲು ಸಿಟ್ಟು ಬರಲಿಲ್ಲ. ಆ ಹೆಸರನ್ನು ಇನ್ನೊಮ್ಮೆ ಓದಿದಳು. ಅರ್ಧ ವಾಕ್ಯ ಕದ್ದು ಇವನು ಪೂರ್ತಿ ವ್ಯಾಪಾರ ಮಾಡಿದ್ದ. ಇನ್ನರ್ಧ ವಾಕ್ಯ ತನ್ನ ಬಾಯಲ್ಲೇ ಉಳಿದಿತ್ತು.

ಅವಳು ಅಂಗಡಿಯನ್ನು ಲಾಡ್ಲೇಸಾಬನಿಗೆ ಒಪ್ಪಿಸಿ ಮೌನೇಶನ ಜೊತೆ ಶೇರ್ ಆಟೋ ಹತ್ತಿ ಗೋಗಿಗೆ ಹೋದಳು.

ಮೌನೇಶನ ಹೆಂಡತಿ ಶೇಖಮ್ಮ ಹುಳುವಿನ ಮನೆಯ ಬಾಗಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ಒಳಗೆ ಎರಡನೇ ಬೆಳೆಯ ಹುಳುಗಳು ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಕಳಚಿ, ಸೊಪ್ಪು ಮೇಯುತ್ತಿದ್ದವು. ಹುಳುವಿನ ತಟ್ಟೆಗಳ ಒಂದು ಸಾಲಿಗೆ ಟಾನಿಕ್ ಸಿಂಪಡಿಸಿದ ಸೊಪ್ಪು. ಬಾಟಲಿ ಮುಗಿದಿದ್ದರಿಂದ ಇನ್ನೊಂದು ಸಾಲಿಗೆ ಬರೀ ಸೊಪ್ಪು. ದಾನೇಶ್ವರಿ ಚಹದ ಎರಡು ಬಿಳಿ ಬಸಿ ಮತ್ತು ಒಂದು ಸೂಜಿ ಕೇಳಿದಳು. ಬರೀ ಸೊಪ್ಪು ತಿಂದ ಒಂದು ಹುಳುವಿನ ಕಾಲು ಚುಚ್ಚಿ ಒಂದು ಬಸಿಗೆ ರಕ್ತದ ಹನಿ ಬೀಳಿಸಿದಳು. ಟಾನಿಕ್ ಸೊಪ್ಪು ತಿಂದ ಹುಳುವಿನ ರಕ್ತ ಇನ್ನೊಂದು ಬಸಿಗೆ. ಎರಡೂ ಮಜ್ಜಿಗೆಯ ತಿಳಿಯಂತೆ ಹಳದಿಯಾಗಿದ್ದವು.

ಚಹ ಕುದಿದು ಸೋಸುವಷ್ಟರಲ್ಲಿ ಮೊದಲ ಬಸಿಯ ಹನಿ ಕಂದಾಗಿ, ಆಮೇಲೆ ಕಾಡಿಗೆಯಂತೆ ಕಪ್ಪಾಯಿತು. ಎರಡನೆಯದು ಇದ್ದ ಹಾಗೇ ಇತ್ತು. ಚುಚ್ಚಿದ ಹುಳುಗಳನ್ನು ನೋಡಿದರೆ, ಒಂದರ ಕಾಲಿನ ಮೇಲೆ ಸಾಸಿವೆಯಷ್ಟು ಕಪ್ಪು ಹೆಪ್ಪು. ಇನ್ನೊಂದರ ಕಾಲಿನಿಂದ ರಕ್ತ ಒಸರುತ್ತಲೇ ಇತ್ತು.

"ಕರ್ರಗಾಗೂದಾ ಚಲೋ ಅಂತೀರೇನ್ರಿ?" ಎಂದಳು ಶೇಖಮ್ಮ. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

"ನಿಮ್ಮ ಕೈಗೆ ಕುಡುಗೋಲು ಹತ್ತಿದ್ರ ಮ್ಯಾಲ ಹೆಕ್ಕಳ ಕಟ್ಟೂದಿಲ್ಲ? ಹಂಗ ಇದು. ನೊಣದ ಮರಿ ಹೊಕ್ಕಲ್ಲಿ ಹುಳ ಹೆಕ್ಕಳ ಕಟ್ತದ. ನಿಮಗ ಕಾಣೂ ಚುಕ್ಕಿ ಅದ. ಈ ಔಷಧ ನೊಣಾನ ತಡೀಲಿಲ್ಲ, ಚುಕ್ಕೀನ ತಡೀತು. ಮರಿ ಒಳಗ ಇದ್ದದ್ದು ನಿಮಗ ಕಾಣಲಿಲ್ಲ."

ಶೇಖಮ್ಮ ಎರಡೂ ಬಸಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದು ನಿಮ್ಮ ಮನಿಯವರಿಗೆ ಗೊತ್ತಿದ್ದಿಲ್ಲೇನು?"

"ಅರ್ಧ ಗೊತ್ತಿತ್ತು."

"ಇನ್ನರ್ಧ ಯಾರಿಗೆ ಗೊತ್ತಿತ್ತು?"

"ನನಗ."

ಶೇಖಮ್ಮ ಬೈಯಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಚಹದ ಲೋಟ ಕಟ್ಟೆಯ ಮೇಲೆ ಆರಿತು. ಕುಡಿಯಿರಿ ಎಂದು ಯಾರೂ ಅನ್ನಲಿಲ್ಲ. ದಾನೇಶ್ವರಿಯನ್ನು ಆವರೆಗೆ ಯಾರೂ ಹಾಗೆ ಕೀಳಾಗಿ ಕಂಡಿರಲಿಲ್ಲ. ಗಂಡ ಆಡಿಕೊಂಡದ್ದು ಎಂದೂ ತಟ್ಟಿರಲಿಲ್ಲ. ಇದು ತಟ್ಟಿತು.

ಸಂಜೆ ವಿಶ್ವರಾಧ್ಯ ಪೋಸ್ಟರಿನ ಕಟ್ಟು ಹೊತ್ತು ಹುಮ್ಮಸ್ಸಿನಿಂದ ಬಂದ. ಗುರುವಾರ ಕಲ್ಯಾಣ ಮಂಟಪದಲ್ಲಿ 'ಶುಭ್ರಕೀಟ ರೈತ ಸಮಾವೇಶ'. ಪೋಸ್ಟರಿನಲ್ಲಿ ನಗುವ ಹುಳುವಿನ ಪಕ್ಕ ದಾನೇಶ್ವರಿಯ ಮದುವೆಯ ಫೋಟೋ. ಮುಖಕ್ಕೆ ಮುದ್ರಣದವರು ಚೆನ್ನಾಗಿ ಸುಣ್ಣ ಬಳಿದಿದ್ದರು. 'ಡಾ. ದಾನೇಶ್ವರಿ ಅವರ ಆರು ವರ್ಷಗಳ ಮಹಾಸಂಶೋಧನೆಯ ಫಲ' ಎಂದಿತ್ತು.

"ಕರ್ರಗಾಗ್ತದ, ಮುಗೀತು ಅಂತಿದ್ರಲ್ಲ?" ಎಂದಳು ದಾನೇಶ್ವರಿ.

"ವ್ಯಾಪಾರದ ಮಾತು ಬ್ಯಾರೆ, ಮನಿ ಮಾತು ಬ್ಯಾರೆ."

ಅವಳು ಗೋಗಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಈ ಸಲ ವಾಕ್ಯ ಪೂರ್ತಿ ಮಾಡಿ, ಎರಡೆರಡು ಸಲ. ಅವನು ಪೋಸ್ಟರ್ ಎಣಿಸುತ್ತಲೇ ಕೇಳಿದ.

"ಮೌನೇಶ ನೊಣದ ಪರದೆ ಸರಿಯಾಗಿ ಕಟ್ಟಿರಂಗಿಲ್ಲ. ಕುರಿ ಕಾಯೋರಿಗೆ ರೇಷ್ಮಿ ಎಲ್ಲಿ ತಿಳೀಬೇಕು?"

"ಗುರುವಾರ ಸಭಾ ಬ್ಯಾಡ. ಬಾಟ್ಲಿ ವಾಪಸ್ ತರಿಸ್ರಿ."

"ಮಂಟಪ ಬುಕ್ ಆಗ್ಯದ. ಜಗದೇವಪ್ಪನೋರು ಬರ್ತಾರ. ನೀ ಬಂದು ಸ್ಟೇಜ್ ಮ್ಯಾಲ ಸುಮ್ನ ಕುಂಡ್ರು, ಸಾಕು. ಮಾತಾಡಿದ್ರೂ ನಿನ್ನ ಇಂಗ್ಲಿಷ್ ಯಾರಿಗೆ ತಿಳೀತದ?"

ದಾನೇಶ್ವರಿ "ಬರ್ತೀನಿ" ಎಂದಳು.

ಗುರುವಾರ ಮಂಟಪ ತುಂಬಿತ್ತು. ಉಪ್ಪಿಟ್ಟು-ಸಿರಾ ಇದೆ ಎಂದು ಪೋಸ್ಟರಿನಲ್ಲಿ ಬರೆದದ್ದು ಕಾರಣ. ವ್ಯಾಪಾರಿಗಳ ಸಂಘದ ಜಗದೇವಪ್ಪ ಮೊದಲು ಮಾತಾಡಿದ. ಶಾಲೆಯ ಕೋಣೆಯಿರಲಿ, ಪಂಪ್‌ಸೆಟ್ಟಿರಲಿ, ಯಾರದೇ ತಿಥಿಯಿರಲಿ, ಅವನಲ್ಲಿ ಇದ್ದದ್ದು ಒಂದೇ ಭಾಷಣ. ಆವತ್ತು ಅದರ ನಡುವೆ ಹುಳು ಎಂಬ ಶಬ್ದ ಸೇರಿಸಿ ಪೂರೈಸಿದ. ಹುಳುವಿನಂತೆ ನಾವೂ ಶುಭ್ರರಾಗಬೇಕು ಎಂದಾಗ ಚಪ್ಪಾಳೆ ಬಿತ್ತು.

ಆಮೇಲೆ ವಿಶ್ವರಾಧ್ಯ ಹೆಂಡತಿಯ ಕಡೆ ಕೈ ತೋರಿಸಿ, "ನಮ್ಮ ವಿಜ್ಞಾನಿಗಳು ಒಂದೆರಡು ಮಾತು" ಎಂದ. ಅವಳು ಒಂದು ನಮಸ್ಕಾರ ಹೇಳಿ ಕೂರುತ್ತಾಳೆಂದು ಅವನ ಎಣಿಕೆ.

ದಾನೇಶ್ವರಿ ಕೈಚೀಲದಿಂದ ಎರಡು ಬಸಿ ತೆಗೆದು ಮೇಜಿನ ಮೇಲಿಟ್ಟಳು. ಊಟದ ಡಬ್ಬಿಗಳಲ್ಲಿ ಅವಳು ಬೆಳಿಗ್ಗೆ ಗೋಗಿಗೆ ಹೋಗಿ ಮೌನೇಶನ ಜೊತೆ ತಂದ ಎರಡೂ ಸಾಲಿನ ಹುಳುಗಳಿದ್ದವು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡಳು.

"ನನ್ನ ಹೆಸರು ಪೋಸ್ಟರ್‌ದಾಗ ಅದ. ಫೋಟೋ ನಂದಲ್ಲ, ನಾ ಇಷ್ಟು ಬೆಳ್ಳಗ ಇಲ್ಲ. ಈ ಬಾಟ್ಲಿದಾಗ ಏನದ ಅಂತ ಯಾರಿಗಾರ ಗೊತ್ತದ ಏನ್ರಿ? ಸ್ಟೇಜ್ ಮ್ಯಾಲ ಕುಂತವರಿಗೆ?"

ಜಗದೇವಪ್ಪ ವಿಶ್ವರಾಧ್ಯನ ಮುಖ ನೋಡಿದ. ವಿಶ್ವರಾಧ್ಯ ಮೈಕಿನ ವೈರ್ ನೋಡಿದ.

"ನಿಮಗ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕೊಟ್ಟವನಿಗೂ ತಗೊಂಡವರಿಗೂ ಬೆಳ್ಳಗ ಅಂದ್ರ ಸಾಕು."

ಹುಳು ಚುಚ್ಚಿ ಹನಿ ಬೀಳಿಸಿದಳು. ಸಭೆ ಕಾಯಿತು. ರಕ್ತ ಕಪ್ಪಾಗಲು ಹೊತ್ತು ಬೇಕು, ಸಭೆಗೆ ಅಷ್ಟು ತಾಳ್ಮೆಯಿಲ್ಲ. ಹಿಂದಿನ ಸಾಲಿನವರು ಉಪ್ಪಿಟ್ಟಿನ ಕಡೆ ನೋಡತೊಡಗಿದರು. ವಿಶ್ವರಾಧ್ಯ ಎದ್ದು ಬಂದು ಹಲ್ಲು ಕಚ್ಚಿ, "ಸಾಕು ಮಾಡು, ನಗಾಕತ್ತಾರ" ಎಂದು ಪಿಸುಗುಟ್ಟಿದ. ಮೈಕು ಅದನ್ನೂ ಕೇಳಿಸಿತು. ಜನ ನಕ್ಕರು, ಅವನನ್ನು ನೋಡಿ.

ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಹೆಂಗಸು, "ಅಯ್ಯ, ಕರ್ರಗಾತು!" ಎಂದಳು. ಜನ ಎದ್ದು ಮೇಜಿನ ಬಳಿ ನುಗ್ಗಿದರು. ಒಂದು ಬಸಿಯ ಹನಿ ಕಪ್ಪು, ಇನ್ನೊಂದರದು ಹಳದಿಯಾಗಿಯೇ ಇತ್ತು. ದಾನೇಶ್ವರಿ ಶೇಖಮ್ಮನಿಗೆ ಹೇಳಿದ್ದನ್ನೇ ಹೇಳಿದಳು.

"ಹಂಗಿದ್ರ ಕರ್ರಗಾಗೋ ಟಾನಿಕ್ ಯಾವಾಗ ತರ್ತೀರಿ?" ಎಂದು ಒಬ್ಬ ಕೂಗಿದ.

ಅವಳಿಗೆ ಆ ಮುಖಗಳನ್ನೆಲ್ಲ ನೋಡಿ ಹಳೆಯ ತಾತ್ಸಾರವೇ ಉಕ್ಕಿ ಬಂತು. ಇವರಿಗೆ ಹೇಳಿ ಏನು, ಎದ್ದು ಹೋಗೋಣ ಎನ್ನಿಸಿತು. ಹೋಗಲಿಲ್ಲ.

"ಅದು ಹುಳದೊಳಗ ಹುಟ್ಟಿಂದ ಅದ. ನೀವು ಕೆಡಿಸದಿದ್ರ ಸಾಕು. ನೊಣ ಬರದಂಗ ಪರದೆ ಕಟ್ರಿ. ಚುಕ್ಕಿ ಕಂಡ ಹುಳ ತಗದು ಸುಡ್ರಿ. ಮೊದಲ ಮಾಡ್ತಿದ್ದಿರಲ್ಲ, ಅದ."

ಕಾರ್ಯಕ್ರಮದ ಪಟ್ಟಿಯಲ್ಲಿ ಮುಂದೆ ಇದ್ದದ್ದು 'ಉತ್ತಮ ಶುಭ್ರಕೀಟ ರೈತ' ಮೌನೇಶನಿಗೆ ಸನ್ಮಾನ. ಎಲ್ಲರಿಗಿಂತ ಹೆಚ್ಚು ಬಾಟಲಿ ಕೊಂಡವನು ಅವನು. ಗಾಬರಿಯಲ್ಲಿದ್ದ ವಿಶ್ವರಾಧ್ಯ, ಸಭೆಯನ್ನು ಹಳಿಗೆ ತರಲೆಂದು ಅವನ ಹೆಸರು ಕೂಗಿಬಿಟ್ಟ. ಮೌನೇಶ ಚೀಲ ಹಿಡಿದು ಮೇಲೆ ಬಂದ. ಜಗದೇವಪ್ಪ ಶಾಲು ಬಿಚ್ಚಿದ. ಮೌನೇಶ ಅದನ್ನು ಹೆಗಲ ಮೇಲೆ ಹಾಕಿಸಿಕೊಳ್ಳದೆ ಕೈಯಲ್ಲಿ ಇಸಿದುಕೊಂಡು ಮೇಜಿನ ಮೇಲೆ ಹಾಸಿದ. ಚೀಲ ಬಗ್ಗಿಸಿ ತೂತುಬಿದ್ದ ಗೂಡುಗಳನ್ನೆಲ್ಲ ಅದರ ಮೇಲೆ ಸುರಿದ.

"ಇದು ನನ್ನ ಬೆಳಿ, ಸಾವ್ಕಾರ್ರ. ಕುರಿ ಕಾಯೋರಿಗೆ ರೇಷ್ಮಿ ತಿಳಿಯಂಗಿಲ್ಲ ಅಂದ್ರಂತ, ಇವತ್ತು ಮುಂಜಾನೆ ಆಟೋದಾಗ ಬರೋವಾಗ ಅಕ್ಕಾರು ಹೇಳಿದ್ರು. ಖರೇ ಅದ. ತಿಳಿದಿದ್ರ ನಿಮ್ಮ ದುಕಾನಿಗೆ ಯಾಕ ಬರ್ತಿದ್ದೆ?"

ಅವನು ಕೆಳಗಿಳಿದು ಊಟ ಮಾಡದೆ ಹೋದ. ಉಳಿದವರು ಊಟ ಮಾಡಿಯೇ ಹೋದರು. ಮರುದಿನ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಶುಭ್ರಕೀಟದ ಬಾಟಲಿಗಳು ಸಾಲಾಗಿ ಬಂದು ನಿಂತವು. ಅರ್ಧ ಬಳಸಿದವು, ಪೂರ್ತಿ ಬಳಸಿದವು ಕೂಡ.

"ಹುಳದ ಸಲುವಾಗಿ ಗಂಡನ ಮರ್ಯಾದಿ ಕಳದಿ" ಎಂದ ವಿಶ್ವರಾಧ್ಯ.

"ಹುಳಕ್ಕಾದ್ರೂ ರಕ್ತ ಅದ" ಎಂದಳು ದಾನೇಶ್ವರಿ, ಮತ್ತು ಬಸ್ಸಿಗೆ ಹೊರಟಳು.

ಬಸ್ಸಮ್ಮ ಹದಿನೈದು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇರಲಿಲ್ಲ. ಗಂಡಹೆಂಡಿರ ನಡುವೆ ಹೊಸದಾಗಿ ಏನೂ ಕೆಡಲಿಲ್ಲ, ಕೆಡುವಂಥದ್ದು ಉಳಿದಿರಲಿಲ್ಲ. ದಾನೇಶ್ವರಿ ಭಾನುವಾರಗಳಂದು ಗೋಗಿಗೆ ಹೋಗತೊಡಗಿದಳು. ಪರದೆ ಕಟ್ಟಿಸಿದಳು, ಚುಕ್ಕಿ ಬಿದ್ದ ಹುಳು ಆರಿಸಿದಳು. ಮೌನೇಶ ಮಾತಾಡಿಸುತ್ತಿದ್ದ. ಶೇಖಮ್ಮ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು. ಮುಂದಿನ ಬೆಳೆಯ ಗೂಡು ಗಟ್ಟಿಯಾಗಿ ಬಂದ ದಿನವೂ ಅವಳ ಮುಖ ಸಡಿಲಾಗಲಿಲ್ಲ. ಅದು ಸರಿಯೆಂದೇ ದಾನೇಶ್ವರಿಗೆ ಅನ್ನಿಸಿತು.

ಅಂಗಡಿ ಮುಚ್ಚಲಿಲ್ಲ. ಆದರೆ ಬಂದವರು ಏನೇ ಕೊಳ್ಳುವ ಮುಂಚೆಯೂ, "ಅಕ್ಕಾರನ್ನ ಒಂದು ಮಾತು ಕೇಳ್ರಿ" ಅನ್ನತೊಡಗಿದರು. ವಿಶ್ವರಾಧ್ಯ ಕೆಲವು ದಿನ ಗದರಿದ. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಕೊನೆಗೆ ಅವನು ಫೋನ್ ಹಚ್ಚಿದ.

ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ದಾನೇಶ್ವರಿ ಕಡಲೆ ತಿನ್ನುತ್ತ ನಿಂತಿದ್ದಳು.

"ಇಲ್ಲೊಬ್ರು ಹತ್ತಿಗೆ ಔಷಧ ಕೇಳಾಕತ್ತಾರ. ಕೊಡ್ಲ್ಯಾ?"

"ಲೇಬಲ್ ಓದ್ರಿ."

"ಇಂಗ್ಲಿಷ್ ಅದ."

"ಓದ್ರಿ."

ಅವನು ಓದಿದ. ಒಂದೊಂದು ಹೆಸರಿಗೂ ಎಡವಿ, ಬೆವರಿ, ಗಿರಾಕಿಯ ಎದುರಿಗೇ. ಶಹಾಪುರದ ಬಸ್ಸು ಬಂದು ನಿಂತಿತು. ದಾನೇಶ್ವರಿ ಹತ್ತಿ ಕಿಟಕಿಯ ಬಳಿ ಕೂತಳು.

"ಕೇಳಿಸಲಿಲ್ಲ. ಮತ್ತೊಮ್ಮೆ ಓದ್ರಿ" ಎಂದಳು.